ಪ್ಯಾರಡಾಕ್ಸ್ ಆಫ್ ಯೂತ್: ಕಪ್ಪುಕುಳಿ ಯಾರ ವಯಸ್ಸನ್ನೂ ತಡೆದು ನಿಲ್ಲಿಸಿಲ್ಲ

‘ಪ್ಯಾರಡಾಕ್ಸ್ ಆಫ್ ಯೂತ್’, ಅಂದರೆ ಯೌವನದ ಒಗಟು. ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಪಕ್ಕದಲ್ಲೇ ಎಳೆಯ ನಕ್ಷತ್ರಗಳು ಕಾಣುತ್ತವಲ್ಲ, ಅದಕ್ಕೆ ಇಟ್ಟ ಹೆಸರು. ಇದರ ಬಗ್ಗೆ ಮತ್ತೆ ಮತ್ತೆ ಒಂದೇ ವಿವರಣೆ ಕಣ್ಣಿಗೆ ಬೀಳುತ್ತದೆ: ‘ಕಪ್ಪುಕುಳಿಯ ಹತ್ತಿರ ಕಾಲ ನಿಧಾನವಾಗಿ ಓಡುತ್ತದೆ, ಅದಕ್ಕೇ ಅಲ್ಲಿನ ನಕ್ಷತ್ರಗಳಿಗೆ ವಯಸ್ಸಾಗುವುದಿಲ್ಲ.’ ಕೇಳೋಕೆ ಚೆನ್ನಾಗಿದೆ. ಆದರೆ ಒಗಟು ಇದಲ್ಲವೇ ಅಲ್ಲ.

ಲೆಕ್ಕ ಹಾಕಿಯೇ ನೋಡೋಣ. ನಮ್ಮ ಗ್ಯಾಲಕ್ಸಿಯ ನಡುವೆ ಇರುವ ಕಪ್ಪುಕುಳಿ ಸ್ಯಾಜಿಟೇರಿಯಸ್ ಎ-ಸ್ಟಾರ್. ಅದರ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ಅದನ್ನು ಸುಮಾರು 16 ವರ್ಷಕ್ಕೊಮ್ಮೆ ಸುತ್ತುವ ನಕ್ಷತ್ರ ಎಸ್-2. 2018ರ ಮೇ ತಿಂಗಳಲ್ಲಿ ಇದು ಕಪ್ಪುಕುಳಿಗೆ ತೀರಾ ಹತ್ತಿರ ಬಂದಿತ್ತು. ಹತ್ತಿರ ಅಂದರೂ ಸೂರ್ಯನಿಗೂ ಭೂಮಿಗೂ ಇರುವ ದೂರದ 120 ಪಟ್ಟು! ಆಗ ಅದರ ವೇಗ ಸೆಕೆಂಡಿಗೆ ಸುಮಾರು 7,700 ಕಿ.ಮೀ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಕಾರಣಕ್ಕೆ ಅದರ ಬೆಳಕು ಎಷ್ಟು ಕೆಂಪಿನ ಕಡೆಗೆ ಸರಿಯಿತು ಎಂದು ಆಗಲೇ ಅಳೆದರು. ಅಲ್ಲಿ ಕಾಲ ಎಷ್ಟು ನಿಧಾನ ಎಂಬುದು ಅದರಿಂದಲೇ ಗೊತ್ತಾಗುತ್ತದೆ: ಸುಮಾರು 1,500ರಲ್ಲಿ ಒಂದು ಭಾಗ. ಎಸ್-2ರ ವಯಸ್ಸು ಸುಮಾರು 60 ಲಕ್ಷ ವರ್ಷ. ಹುಟ್ಟಿದಾಗಿನಿಂದ ಅದೇ ಜಾಗದಲ್ಲಿ ಇತ್ತು ಅಂತಲೇ ಇಟ್ಟುಕೊಳ್ಳಿ, ಆಗಲೂ ಅದರ ವಯಸ್ಸಿನಲ್ಲಿ ಉಳಿತಾಯವಾಗುವುದು ಬರೀ 4,000 ವರ್ಷ. ನಿಜಕ್ಕೂ ಅದು ತನ್ನ ಬಹುಪಾಲು ಸಮಯವನ್ನು ಇನ್ನೂ ದೂರದಲ್ಲಿ ಕಳೆಯುತ್ತದೆ, ಹಾಗಾಗಿ ಅಷ್ಟೂ ಇಲ್ಲ. ಇಷ್ಟಕ್ಕೆ ಯಾರಾದರೂ ಒಗಟು ಅಂತ ಹೆಸರಿಡುತ್ತಾರಾ?

ಹೆಸರು ಬಂದದ್ದು 2003ರಲ್ಲಿ. ಖಗೋಳ ವಿಜ್ಞಾನಿ ಆಂಡ್ರಿಯಾ ಗೆಜ್ ಮತ್ತು ಸಂಗಡಿಗರು ಎಸ್-2ರ ಬೆಳಕನ್ನು ಬಿಡಿಸಿ ನೋಡಿದರು. ಅದು ಬಿಸಿಯಾದ, ತೂಕದ, ಎಳೆಯ ನಕ್ಷತ್ರ ಎಂದು ತಿಳಿಯಿತು. ತಮ್ಮ ಪ್ರಬಂಧದ ತಲೆಬರಹದಲ್ಲೇ ಈ ಮಾತನ್ನು ಬಳಸಿದರು. ನಕ್ಷತ್ರ ಎಳೆಯದಾಗಿ ಉಳಿದದ್ದು ಹೇಗೆ ಎಂದು ಅವರು ಕೇಳಲಿಲ್ಲ. ಎಳೆಯ ನಕ್ಷತ್ರಕ್ಕೆ ಅಲ್ಲೇನು ಕೆಲಸ ಎಂದು ಕೇಳಿದರು.

ಯಾಕೆ ಅಂದರೆ, ನಕ್ಷತ್ರ ಹುಟ್ಟಬೇಕಾದರೆ ತಣ್ಣನೆಯ ಅನಿಲದ ಮೋಡ ತನ್ನದೇ ಸೆಳೆತಕ್ಕೆ ಕುಸಿಯಬೇಕು. ಕಪ್ಪುಕುಳಿಯ ಪಕ್ಕದಲ್ಲಿ ಮೋಡದ ಹತ್ತಿರದ ಅಂಚನ್ನು ಅದು ಜೋರಾಗಿ ಎಳೆಯುತ್ತದೆ, ದೂರದ ಅಂಚನ್ನು ಕಡಿಮೆ ಎಳೆಯುತ್ತದೆ. ಮೋಡ ಉದ್ದಕ್ಕೆ ಹಿಗ್ಗಿ ಚದುರಿಹೋಗುತ್ತದೆ. ತಡೆದುಕೊಳ್ಳಬೇಕಾದರೆ ಮಾಮೂಲಿ ಮೋಡಕ್ಕಿಂತ ಲಕ್ಷಾಂತರ ಪಟ್ಟು ದಟ್ಟವಾಗಿರಬೇಕು. ಗಮನಿಸಿ, ಇಲ್ಲಿ ‘ನುಂಗುವುದು’ ಎಲ್ಲೂ ಬರಲಿಲ್ಲ. ಕಪ್ಪುಕುಳಿ ಸುಮ್ನೆ ಎಲ್ಲವನ್ನೂ ಹೀರುತ್ತದೆ ಎಂಬುದು ಇನ್ನೊಂದು ಹಳೇ ರಾಗ. ಹೀರುವ ಹಾಗಿದ್ದರೆ ಎಸ್-2 ಇಷ್ಟು ಹೊತ್ತಿಗೆ ಇರುತ್ತಲೇ ಇರಲಿಲ್ಲ.

ಎಳೆಯ ನಕ್ಷತ್ರಗಳಲ್ಲಿ ಅಲ್ಲಿ ಎರಡು ಗುಂಪಿವೆ. ಇವನ್ನು ಒಂದೇ ಮಾಡಿ ಬರೆಯುವವರೇ ಜಾಸ್ತಿ. ಸ್ವಲ್ಪ ಹೊರಗಿನ ಗುಂಪಿನಲ್ಲಿ ಬಹಳ ತೂಕದ ನಕ್ಷತ್ರಗಳಿವೆ, ವಯಸ್ಸು ಕೆಲವೇ ಹತ್ತು ಲಕ್ಷ ವರ್ಷ. ಅವುಗಳಲ್ಲಿ ಒಂದು ದೊಡ್ಡ ಪಾಲು ಒಂದೇ ತಟ್ಟೆಯಲ್ಲಿ, ಒಂದೇ ದಿಕ್ಕಿಗೆ ಸುತ್ತುತ್ತವೆ. ಇವಕ್ಕೆ ಒಪ್ಪುವಂಥ ಉತ್ತರ ಇದೆ. ಹಿಂದೆ ಯಾವಾಗಲೋ ಬಂದು ಬಿದ್ದ ಅನಿಲ ಕಪ್ಪುಕುಳಿಯ ಸುತ್ತ ತಟ್ಟೆಯಾಗಿ ಹರಡಿತು, ತಣ್ಣಗಾಗಿ ಬೇಕಾದಷ್ಟು ದಟ್ಟವಾಯಿತು, ತುಂಡಾಗಿ ನಕ್ಷತ್ರಗಳಾಯಿತು. ಅಂದರೆ ಇವು ಅಲ್ಲೇ ಹುಟ್ಟಿದವು. ಸುತ್ತುವ ರೀತಿಯೇ ಅದಕ್ಕೆ ಸಾಕ್ಷಿ.

ಒಳಗಿನ ಗುಂಪು ಎಸ್-ನಕ್ಷತ್ರಗಳದು. ಎಸ್-2 ಇದಕ್ಕೆ ಸೇರಿದ್ದು. ಇವುಗಳ ದಾರಿಗಳು ಬೇರೆ ಬೇರೆ ದಿಕ್ಕಿಗೆ ವಾಲಿವೆ, ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿವೆ. ಇವಕ್ಕೆ ಹೆಚ್ಚು ಜನ ಕೊಡುವ ಉತ್ತರಕ್ಕೆ ಬೇರು 1988ರಲ್ಲಿ ವಿಜ್ಞಾನಿ ಜ್ಯಾಕ್ ಹಿಲ್ಸ್ ಹೇಳಿದ ಮಾತು. ಜೋಡಿ ನಕ್ಷತ್ರವೊಂದು ಕಪ್ಪುಕುಳಿಗೆ ತೀರಾ ಹತ್ತಿರ ಬಂದರೆ ಜೋಡಿ ಒಡೆಯುತ್ತದೆ. ಒಂದು ಅಲ್ಲೇ ಸಿಕ್ಕಿಬೀಳುತ್ತದೆ, ಇನ್ನೊಂದು ಭಾರಿ ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಚಿಮ್ಮಿದ್ದು ಸಿಕ್ಕಿಯೂ ಇದೆ. 2019ರಲ್ಲಿ ವರದಿಯಾದ ಒಂದು ನಕ್ಷತ್ರ ಸೆಕೆಂಡಿಗೆ 1,700 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿದೆ. ಅದರ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಗ್ಯಾಲಕ್ಸಿಯ ನಡುಮಧ್ಯಕ್ಕೇ ತಲುಪುತ್ತೇವೆ, ಸುಮಾರು 48 ಲಕ್ಷ ವರ್ಷಗಳ ಹಿಂದಕ್ಕೆ.

ಆದರೂ ಒಗಟು ಪೂರ್ತಿ ಬಿಡಿಸಿಲ್ಲ. ಹೀಗೆ ಸಿಕ್ಕಿಬಿದ್ದ ನಕ್ಷತ್ರದ ದಾರಿ ಮೊದಲಿಗೆ ವಿಪರೀತ ಎಳೆದ ಮೊಟ್ಟೆಯಾಕಾರದಲ್ಲಿ ಇರಬೇಕು. ಈಗ ಕಾಣುವ ಎಸ್-ನಕ್ಷತ್ರಗಳದು ಅಷ್ಟಿಲ್ಲ. ಸುತ್ತಲಿನ ನಕ್ಷತ್ರಗಳ ಸೆಳೆತದಿಂದ ದಾರಿಗಳು ಬದಲಾಗಿರಬಹುದು, ಆದರೆ ಅದಕ್ಕೆ ಸಮಯ ಬೇಕು. ಇವುಗಳ ಸಣ್ಣ ವಯಸ್ಸಿನಲ್ಲಿ ಅಷ್ಟು ಸಮಯ ಸಿಕ್ಕಿತೇ? ತಕರಾರು ಇರುವುದು ಇಲ್ಲಿ.

ಅಂದ ಹಾಗೆ, ವಯಸ್ಸಿಗಿಂತ ಎಳೆಯದಾಗಿ ಕಾಣುವ ನಕ್ಷತ್ರ ಇರಲು ಸಾಧ್ಯ, ಆದರೆ ಕಾಲದ ಆಟದಿಂದಲ್ಲ. 2024ರ ಡಿಸೆಂಬರ್‌ನಲ್ಲಿ ಈ ಕಪ್ಪುಕುಳಿಯ ಹತ್ತಿರ ಮೊದಲ ಜೋಡಿ ನಕ್ಷತ್ರ ಪತ್ತೆಯಾದ ಸುದ್ದಿ ಬಂತು. ಹೆಸರು ಡಿ-9, ವಯಸ್ಸು ಸುಮಾರು 27 ಲಕ್ಷ ವರ್ಷ. ಕಪ್ಪುಕುಳಿಯ ಸೆಳೆತಕ್ಕೆ ಇನ್ನು ಸುಮಾರು ಹತ್ತು ಲಕ್ಷ ವರ್ಷದಲ್ಲಿ ಎರಡೂ ಸೇರಿ ಒಂದಾಗಬಹುದು ಎಂಬ ಅಂದಾಜಿದೆ. ಹಾಗೆ ಸೇರಿದಾಗ ಒಳಗೆ ಹೊಸ ಇಂಧನ ಬೆರೆಯುತ್ತದೆ, ತೂಕ ಹೆಚ್ಚುತ್ತದೆ, ನಕ್ಷತ್ರ ಇನ್ನಷ್ಟು ಬಿಸಿಯಾಗಿ ಹೊಳೆಯುತ್ತದೆ, ಎಳೆಯದರ ಹಾಗೆ ಕಾಣುತ್ತದೆ.