ಒಂಬತ್ತು ಶವಪೆಟ್ಟಿಗೆ, ಎಂಟು ಹೆಣ: ಕೆರಿ ಕೌಂಟಿ ಕಂಡ ಅಂತರ್ಯುದ್ಧ

ಐರ್ಲೆಂಡಿನ 1922–23ರ ಅಂತರ್ಯುದ್ಧ ಎಂದರೆ ನೈಋತ್ಯದ ಕೆರಿ ಜಿಲ್ಲೆ, ಕೆರಿ ಎಂದರೆ ಕೈದಿಗಳನ್ನು ನೆಲಬಾಂಬಿಗೆ ಬಲಿಕೊಟ್ಟ ಬ್ಯಾಲಿಸೀಡಿ. ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ. ಯಾರು ಮೊದಲು ಹೊಡೆದರು ಎಂಬ ವಾದವಂತೂ ನೂರು ವರ್ಷವಾದರೂ ಮುಗಿದಿಲ್ಲ. ಅದನ್ನು ಬಿಡಿಸಬೇಕಾದರೆ ರಸ್ತೆಗಳಿಂದ ಶುರುಮಾಡಬೇಕು.

ಶತಮಾನಗಳ ಬ್ರಿಟಿಷ್ ಆಳ್ವಿಕೆ, 1916ರ ದಂಗೆ, ಎರಡೂವರೆ ವರ್ಷದ ಗೆರಿಲ್ಲಾ ಯುದ್ಧ, ಕೊನೆಗೆ 1921ರ ಡಿಸೆಂಬರಿನ ಒಪ್ಪಂದ. ದ್ವೀಪದ ಬಹುಭಾಗಕ್ಕೆ ಸ್ವಯಮಾಡಳಿತವೇನೋ ಸಿಕ್ಕಿತು, ಆದರೆ ರಾಜನಿಗೆ ನಿಷ್ಠೆಯ ಪ್ರಮಾಣ ಉಳಿಯಿತು. ಐರಿಶ್ ಸಂಸತ್ತು ಆ ಒಪ್ಪಂದವನ್ನು 64–57 ಮತಗಳಿಂದ ಒಪ್ಪಿಕೊಂಡಿತು. ಒಪ್ಪಿದವರು ಫ್ರೀ ಸ್ಟೇಟ್ ಸರ್ಕಾರವಾದರು, ಒಪ್ಪದವರು ರಿಪಬ್ಲಿಕನ್ನರು. 1922ರ ಜೂನ್ 28ರಂದು ಡಬ್ಲಿನ್ನಿನಲ್ಲಿ ಫಿರಂಗಿ ಸಿಡಿಯಿತು, ಅಂತರ್ಯುದ್ಧ ಶುರುವಾಯಿತು.

ಆಗ ಕೆರಿ ಬಹುಮಟ್ಟಿಗೆ ರಿಪಬ್ಲಿಕನ್ನರ ಕೈಯಲ್ಲಿತ್ತು. ಭೂಮಾರ್ಗದಲ್ಲಿ ಹೋಗಬೇಕಾದರೆ ಲಿಮರಿಕ್ ದಾಟಿ ಅವರ ಸಾಲನ್ನು ಮುರಿಯಬೇಕು. ಹಾಗಾಗಿ ಫ್ರೀ ಸ್ಟೇಟ್ ಸೇನೆ ಸಮುದ್ರ ಹಿಡಿಯಿತು. ಆಗಸ್ಟ್ 2ರಂದು ‘ಲೇಡಿ ವಿಕ್ಲೋ’ ಹಡಗಿನಿಂದ ಸುಮಾರು 450 ಮಂದಿ ಫೆನಿಟ್ ಬಂದರಿನಲ್ಲಿಳಿದು, ಹನ್ನೆರಡು ಕಿ.ಮೀ. ದೂರದ ಟ್ರಲೀ ಪಟ್ಟಣವನ್ನು ಅಂದೇ ಹಿಡಿದರು. ಮಾರನೆಯ ದಿನ ಶಾನನ್ ನದಿ ದಾಟಿ ಟಾರ್ಬರ್ಟಿಗೆ ಇನ್ನೂ 240 ಮಂದಿ ಬಂದರು. ಕೆರಿಯ ಅನುಭವಿ ಹೋರಾಟಗಾರರಲ್ಲಿ ಬಹಳಷ್ಟು ಮಂದಿ ಲಿಮರಿಕ್ ಕಡೆಯ ರಣರಂಗದಲ್ಲಿದ್ದರು. ಮನೆ ಕಾಯುವವರೇ ಇರಲಿಲ್ಲ.

ಪಟ್ಟಣಗಳು ಬೇಗ ಬಿದ್ದವು, ಹಳ್ಳಿಗಳು ಬೀಳಲಿಲ್ಲ. ಊರಿಗೆ ಮರಳಿದವರು ಸಣ್ಣ ತುಕಡಿಗಳಾಗಿ ಬೆಟ್ಟ ಸೇರಿದರು. ಕೆನ್‌ಮೇರ್ ಪಟ್ಟಣವನ್ನು ಸೆಪ್ಟೆಂಬರ್ 9ರಂದು ಮರಳಿ ಕಿತ್ತುಕೊಂಡು ಡಿಸೆಂಬರ್‌ವರೆಗೆ ಇಟ್ಟುಕೊಂಡರು. ಉಳಿದಂತೆ ಅವರ ಮುಖ್ಯ ಆಯುಧ ಗರಗಸ, ಗುದ್ದಲಿ. ರಸ್ತೆಗೆ ಅಡ್ಡಲಾಗಿ ಮರ ಕೆಡವುವುದು, ಲಾರಿ ದಾಟದಷ್ಟು ಅಗಲದ ಕಂದಕ ತೋಡುವುದು, ಸೇತುವೆ ಮುರಿಯುವುದು. ಸೈನಿಕರು ಲಾರಿಯಿಂದಿಳಿದು ಕಲ್ಲು ಸರಿಸುವ ಹೊತ್ತಿಗೆ ಹೊಂಚು ದಾಳಿ. ಇಲ್ಲದಿದ್ದರೆ ಕಲ್ಲಿನ ಕೆಳಗೇ ನೆಲಬಾಂಬು.

ಪೆಟ್ಟು ಬಿದ್ದದ್ದು ಸೇನೆಗೆ ಮಾತ್ರವಲ್ಲ. ಬೆಣ್ಣೆ, ಹಂದಿ, ದನ ಮಾರಿ ಕಾಸು ಕಾಣುತ್ತಿದ್ದ ಜಿಲ್ಲೆಗೆ ರೈಲೇ ಜೀವನಾಡಿ. 1923ರ ಜನವರಿಯಲ್ಲಿ ಆರ್ಡ್‌ಫರ್ಟ್ ಹತ್ತಿರದ ಲಿಸ್ಕಹೇನ್‌ನಲ್ಲಿ ಹಳಿ ಕಿತ್ತಿಟ್ಟಿದ್ದರಿಂದ ರೈಲು ಉರುಳಿತು. ಸತ್ತವರು ಇಬ್ಬರು: ಎಂಜಿನ್ ಚಾಲಕ ಮತ್ತು ಕೆಂಡಕ್ಕೆ ಕಲ್ಲಿದ್ದಲು ಹಾಕುವವ. ಇಬ್ಬರೂ ಯಾವ ಪಡೆಯ ಸೈನಿಕರೂ ಅಲ್ಲ. ಅದೇ ತಿಂಗಳ 20ರಂದು ಟ್ರಲೀಯಲ್ಲಿ ನಾಲ್ವರು ರಿಪಬ್ಲಿಕನ್ ಕೈದಿಗಳನ್ನು ಸೇನೆ ಗುಂಡಿಟ್ಟು ಕೊಂದಿತು.

ಮಾರ್ಚ್ 6ರಂದು ನಾಕ್‌ನಗೋಶಲ್‌ನಲ್ಲಿ ಆಯುಧ ಬಚ್ಚಿಟ್ಟಿದ್ದಾರೆ ಎಂಬ ಸುಳ್ಳು ಸುಳಿವು ನಂಬಿ ಹೋದ ಐವರು ಸೈನಿಕರು ನೆಲಬಾಂಬಿಗೆ ಛಿದ್ರವಾದರು. ಅವರಲ್ಲಿ ಮೂವರು ಕೆರಿಯವರೇ. ಇನ್ನು ಮೇಲೆ ರಸ್ತೆಯ ಅಡ್ಡಗಳನ್ನು ಕೈದಿಗಳಿಂದಲೇ ತೆಗೆಸಿ ಎಂದು ಸೇನೆಯ ಆದೇಶ ಹೊರಟಿತು.

ಮರುದಿನ ನಸುಕಿಗೆ ಮುನ್ನ ಟ್ರಲೀಯ ಬ್ಯಾಲಿಮಲನ್ ಬ್ಯಾರಕ್ಸಿನಿಂದ ಒಂಬತ್ತು ಕೈದಿಗಳನ್ನು ಬ್ಯಾಲಿಸೀಡಿಗೆ ಕರೆದೊಯ್ದರು. ಬದುಕುಳಿದ ಸ್ಟೀಫನ್ ಫುಲ್ಲರ್ ಹೇಳಿದ್ದು ಇಷ್ಟು: ಅಡ್ಡವನ್ನು ತೆಗೆಯುವ ಮಾತೇ ಇರಲಿಲ್ಲ. ಕೈಕಾಲು ಕಟ್ಟಿ, ಒಬ್ಬರಿಗೊಬ್ಬರನ್ನು ಬಿಗಿದು, ನೆಲಬಾಂಬಿನ ಸುತ್ತ ನಿಲ್ಲಿಸಿ ಸಿಡಿಸಿದರು. ಸ್ಫೋಟದ ರಭಸಕ್ಕೆ ಫುಲ್ಲರ್ ಅವರ ಕಟ್ಟು ಹರಿದು, ಹಳ್ಳಕ್ಕೆ ಹಾರಿ ಬಿದ್ದು, ಕತ್ತಲಲ್ಲಿ ತಪ್ಪಿಸಿಕೊಂಡರು. ಸೇನೆಯ ಲೆಕ್ಕ ಮಾತ್ರ ಒಂಬತ್ತು ಸಾವು. ಎಂಟು ಜನರ ಚೂರುಗಳನ್ನು ಒಂಬತ್ತು ಪೆಟ್ಟಿಗೆಗಳಿಗೆ ತುಂಬಿ ಮನೆಯವರಿಗೆ ಒಪ್ಪಿಸಿದರು. ಬ್ಯಾರಕ್ಸ್ ಬಾಗಿಲಲ್ಲೇ ಅವರು ಮುಚ್ಚಳ ಒಡೆದು, ಯಾರು ಯಾರೆಂದು ಗುರುತು ಹಿಡಿಯಲು ಹೆಣಗಿದರು.

ಅದೇ ದಿನ ಕಿಲಾರ್ನಿಯ ಕೌಂಟೆಸ್ ಸೇತುವೆ ಬಳಿ ಹೀಗೆಯೇ ಐವರು ಕೈದಿಗಳಲ್ಲಿ ನಾಲ್ವರು ಸತ್ತರು, ಒಬ್ಬರು ಓಡಿದರು. ಮಾರ್ಚ್ 12ರಂದು ಕಾಹರ್‌ಸಿವೀನ್ ಹತ್ತಿರ ಐವರಲ್ಲಿ ಐವರೂ ಹೋದರು. ಅಲ್ಲಿನ ಒಬ್ಬ ಸೇನಾಧಿಕಾರಿಯೇ ರಾಜೀನಾಮೆ ಕೊಟ್ಟು, ಕೈದಿಗಳಿಗೆ ಮೊದಲು ಗುಂಡು ಹಾರಿಸಿ ಆಮೇಲೆ ಬಾಂಬಿನ ಮೇಲಿಟ್ಟರು ಎಂದು ಹೇಳಿದ. ವಿಚಾರಣೆ ನಡೆಯಿತು. ಅದರ ಅಧ್ಯಕ್ಷತೆ ಕೆರಿಯ ಸೇನಾ ಕಮಾಂಡರದ್ದೇ! ಇಟ್ಟದ್ದು ರಿಪಬ್ಲಿಕನ್ನರ ಬಾಂಬು ಎಂದು ತೀರ್ಮಾನವಾಯಿತು, ಏಪ್ರಿಲ್‌ನಲ್ಲಿ ಸಂಸತ್ತಿಗೂ ಅದನ್ನೇ ಒಪ್ಪಿಸಲಾಯಿತು. ಬದುಕುಳಿದವರ ಹೇಳಿಕೆಗೆ ಬೆಲೆ ಸಿಗಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ, ಆಗಸ್ಟಿನಲ್ಲಿ ಬಂದ ಕ್ಷಮಾದಾನ ಕಾಯ್ದೆ ಸೇನೆಗೆ ಕಾನೂನಿನ ರಕ್ಷಣೆಯನ್ನೂ ಕೊಟ್ಟಿತು.

ಮೇ 24ರಂದು ರಿಪಬ್ಲಿಕನ್ನರು ಆಯುಧ ಬಚ್ಚಿಟ್ಟು ಮನೆಗೆ ಹೋಗಿ ಎಂಬ ಆದೇಶ ಹೊರಡಿಸಿದರು. ಯುದ್ಧ ಗೆದ್ದ ಸರ್ಕಾರ ಆಗಸ್ಟ್ ಚುನಾವಣೆಯಲ್ಲಿ ಕೆರಿಯ ಏಳು ಸ್ಥಾನಗಳಲ್ಲಿ ಮೂರನ್ನಷ್ಟೇ ಗೆದ್ದಿತು. ನಾಲ್ಕು ರಿಪಬ್ಲಿಕನ್ನರ ಪಾಲಾದವು. 1911ರಲ್ಲಿ 1,59,691 ಇದ್ದ ಜನಸಂಖ್ಯೆ 1926ಕ್ಕೆ 1,49,171ಕ್ಕೆ ಇಳಿಯಿತು. ಅದಕ್ಕೆ ಯುದ್ಧವೊಂದೇ ಕಾರಣವಲ್ಲ, ವಲಸೆ ಮೊದಲಿನಿಂದಲೂ ಇತ್ತು.

ಫುಲ್ಲರ್ 1937ರಲ್ಲಿ ಸಂಸತ್ತಿಗೆ ಆಯ್ಕೆಯಾದರು. 1959ರಲ್ಲಿ ಬ್ಯಾಲಿಸೀಡಿಯ ರಸ್ತೆ ಬದಿಯಲ್ಲಿ ಸ್ಮಾರಕವೂ ಎದ್ದಿತು. ಟಿ.ವಿ. ಕ್ಯಾಮೆರಾ ಮುಂದೆ ಅವರು ಆ ರಾತ್ರಿಯ ಬಗ್ಗೆ ಬಾಯಿ ಬಿಟ್ಟದ್ದು 1980ರಲ್ಲಿ, ಸಾಯುವುದಕ್ಕೆ ನಾಲ್ಕು ವರ್ಷ ಮೊದಲು.