ಅಜ್ಜಿಯರು ಕೇಳಿದ ಪ್ರಶ್ನೆ

ಮಗು ಯಾರದ್ದು ಎಂಬ ಅನುಮಾನ ಬಂದರೆ ಅಪ್ಪನ ರಕ್ತ, ಅಮ್ಮನ ರಕ್ತ, ಮಗುವಿನ ರಕ್ತ ಮೂರನ್ನೂ ತಾಳೆ ನೋಡುತ್ತಾರೆ. ಅಪ್ಪ ಅಮ್ಮ ಇಬ್ಬರೂ ಇಲ್ಲದಿದ್ದರೆ? 1980ರ ದಶಕದ ಶುರುವಿನಲ್ಲಿ ಅರ್ಜೆಂಟೀನಾದ ಕೆಲವು ಅಜ್ಜಿಯರು ಇದೇ ಪ್ರಶ್ನೆ ಹಿಡಿದುಕೊಂಡು ಅಮೆರಿಕ, ಯುರೋಪಿನ ವಿಜ್ಞಾನಿಗಳ ಬಾಗಿಲು ತಟ್ಟಿದರು. ನಮ್ಮ ರಕ್ತ ನೋಡಿ ಮೊಮ್ಮಕ್ಕಳನ್ನು ಗುರುತಿಸೋಕೆ ಆಗುತ್ತಾ ಅಂತ ಕೇಳಿದರು. ಸಿದ್ಧ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಅವರಿಗೆ ಆ ಸ್ಥಿತಿ ಬಂದದ್ದು ಹೀಗೆ. 1976ರಿಂದ 1983ರವರೆಗೆ ಅಲ್ಲಿ ಸೇನಾ ಆಡಳಿತವಿತ್ತು. ವಿರೋಧಿಗಳೆಂದು ಕಂಡವರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಗುಪ್ತ ಶಿಬಿರಗಳಲ್ಲಿ ಕೂಡಿಹಾಕುತ್ತಿದ್ದರು. ಬಸುರಿಯರನ್ನು ಹೆರಿಗೆಯಾಗುವ ತನಕ ಉಳಿಸಿಕೊಂಡು, ಆಮೇಲೆ ಕೊಂದ ಪ್ರಕರಣಗಳು ಬೇಕಾದಷ್ಟಿವೆ. ಕೂಸುಗಳು ಎಷ್ಟೋ ಸಲ ಸೇನೆ, ಪೊಲೀಸ್ ಇಲಾಖೆಯವರ ಮನೆ ಸೇರುತ್ತಿದ್ದವು, ಸುಳ್ಳು ಜನನ ಪತ್ರದ ಜೊತೆಗೆ. ಹೀಗೆ ಕಾಣೆಯಾದ ಮಕ್ಕಳು ಸುಮಾರು 500 ಎಂಬುದು ಅಜ್ಜಿಯರ ಅಂದಾಜು. 1977ರಲ್ಲಿ ಅವರು ಕಟ್ಟಿದ ಸಂಘಟನೆಯೇ 'ಪ್ಲಾಸಾ ದೆ ಮಾಯೋ ಅಜ್ಜಿಯರು' (ಪ್ಲಾಸಾ ದೆ ಮಾಯೋ ಅಂದರೆ ರಾಜಧಾನಿ ಬ್ಯೂನಸ್ ಐರಿಸ್‌ನ ಒಂದು ಚೌಕ).

ಅವರ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೇರಿ ಕ್ಲೇರ್ ಕಿಂಗ್ ಒಬ್ಬರು. ಸ್ತನ ಕ್ಯಾನ್ಸರಿನ ಜೀನ್ ಸಂಶೋಧನೆಯಿಂದ ಮುಂದೆ ಹೆಸರಾದವರು ಇವರೇ. ಆಗಿನ್ನೂ ಇವತ್ತಿನಂಥ ಡಿಎನ್‌ಎ ಪರೀಕ್ಷೆ ಬಂದಿರಲಿಲ್ಲ. ಇದ್ದದ್ದು ಎಚ್‌ಎಲ್‌ಎ ಪರೀಕ್ಷೆ. ಕಿಡ್ನಿ ಕಸಿ ಮಾಡುವಾಗ 'ಮ್ಯಾಚ್ ಆಯ್ತಾ' ಅಂತ ಕೇಳ್ತೀವಲ್ಲ, ಅದೇ. ಎಚ್‌ಎಲ್‌ಎ ಜೀನ್‌ಗಳು ಆರನೇ ಕ್ರೋಮೋಸೋಮ್ ಮೇಲೆ ಒತ್ತೊತ್ತಾಗಿ ಕೂತಿವೆ, ಹೆಚ್ಚಾಗಿ ಒಂದೇ ಕಟ್ಟಾಗಿ ಮಕ್ಕಳಿಗೆ ಇಳಿಯುತ್ತವೆ. ಜನರಿಂದ ಜನರಿಗೆ ತುಂಬಾ ಬದಲಾಗುತ್ತವೆ ಕೂಡ. ನಮ್ಮೆಲ್ಲರಲ್ಲೂ ಇಂಥ ಎರಡು ಕಟ್ಟುಗಳಿವೆ: ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಪ್ಪನಿಂದ ಬಂದದ್ದು ಅವನ ತಂದೆತಾಯಿಯ ನಾಲ್ಕು ಕಟ್ಟುಗಳಲ್ಲಿ ಒಂದಾಗಿರಲೇಬೇಕು. ಅಮ್ಮನ ಕಡೆಯೂ ಅಷ್ಟೇ. ಎರಡೂ ಹೊಂದಿದರೆ, ಆ ಕಟ್ಟುಗಳು ಊರಲ್ಲಿ ಅಪರೂಪವಾಗಿದ್ದಷ್ಟೂ ಸಂಬಂಧ ಗಟ್ಟಿ. ಈ ಲೆಕ್ಕಕ್ಕೆ 'ಅಜ್ಜತನದ ಸೂಚ್ಯಂಕ' ಅಂತಲೇ ಹೆಸರು ಬಿತ್ತು. 1984ರಲ್ಲಿ, ಪೊಲೀಸ್ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆಯುತ್ತಿದ್ದ ಎಂಟು ವರ್ಷದ ಹುಡುಗಿ ಈ ಪರೀಕ್ಷೆಯ ಬಲದಿಂದ ತನ್ನ ಅಜ್ಜಿಯ ಮನೆ ಸೇರಿದಳು.

ಆದರೆ ನಾಲ್ಕೂ ಅಜ್ಜ ಅಜ್ಜಿಯರು ಬದುಕಿರುವ ಮನೆ ಎಷ್ಟಿರುತ್ತೆ? ಇಲ್ಲಿ ಮೈಟೊಕಾಂಡ್ರಿಯಾ ನೆರವಿಗೆ ಬಂತು. ಜೀವಕೋಶದೊಳಗಿನ ಈ ಪುಟ್ಟ ಭಾಗಕ್ಕೆ ತನ್ನದೇ ಡಿಎನ್‌ಎ ಇದೆ, ಸುಮಾರು 16,569 ಅಕ್ಷರಗಳಷ್ಟು. ಉಳಿದ ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ಇಸ್ಪೀಟಿನಂತೆ ಕಲೆಸಿಹೋಗುತ್ತದೆ. ಅದಕ್ಕೇ ಅಜ್ಜಿಯ ಪಾಲು ಮೊಮ್ಮಕ್ಕಳಲ್ಲಿ ಸರಾಸರಿ ಶೇ. 25 ಇದ್ದರೂ ಒಬ್ಬರಲ್ಲಿ ಜಾಸ್ತಿ, ಇನ್ನೊಬ್ಬರಲ್ಲಿ ಕಮ್ಮಿ. ಮೈಟೊಕಾಂಡ್ರಿಯಾದ್ದು ಮಾತ್ರ ಹೆಚ್ಚುಕಡಿಮೆ ಹಾಗೇ ತಾಯಿಯಿಂದ ಮಕ್ಕಳಿಗೆ ದಾಟುತ್ತದೆ. ಹಾಗಾಗಿ ಅಮ್ಮನ ಅಮ್ಮ ತೀರಿಕೊಂಡಿದ್ದರೂ ಚಿಂತೆಯಿಲ್ಲ. ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ, ಚಿಕ್ಕಮ್ಮನ ಮಕ್ಕಳು, ಯಾರ ರಕ್ತವಾದರೂ ಆದೀತು. ಸೋದರಮಾವನ ಮಕ್ಕಳದ್ದು ನಡೆಯಲ್ಲ, ಅವರಲ್ಲಿರುವುದು ಅವರಮ್ಮನದು. ಒಂದು ತೊಡಕೂ ಇದೆ. ಒಂದೇ ಮೂಲತಾಯಿಯ ವಂಶದ ಅಪರಿಚಿತರಲ್ಲೂ ಇದು ಒಂದೇ ಥರ ಇರಬಹುದು. ಹೊಂದದಿದ್ದರೆ ಆ ಕಡೆಯ ಸಂಬಂಧವಿಲ್ಲ ಅನ್ನಬಹುದು, ಹೊಂದಿತು ಅಂತ ಅಷ್ಟಕ್ಕೇ ತೀರ್ಮಾನ ಮಾಡುವಂತಿಲ್ಲ. ಅದಕ್ಕೇ ಬೇರೆ ಪರೀಕ್ಷೆಗಳ ಜೊತೆಗಿಟ್ಟು ನೋಡುತ್ತಾರೆ.

1987ರಲ್ಲಿ ಅರ್ಜೆಂಟೀನಾ ಕಾನೂನು ಮಾಡಿ ರಾಷ್ಟ್ರೀಯ ಜೆನೆಟಿಕ್ ದತ್ತಾಂಶ ಬ್ಯಾಂಕ್ ತೆರೆಯಿತು. ಅಜ್ಜಿಯರಿಗೆ ವಯಸ್ಸಾಗುತ್ತಿತ್ತಲ್ವಾ? ತಾವು ಹೋದ ಮೇಲೂ ತಮ್ಮ ರಕ್ತದ ವಿವರ ಉಳಿಯಲಿ ಎಂಬುದು ಅವರ ಲೆಕ್ಕಾಚಾರ. ಅದು ಫಲ ಕೊಟ್ಟಿತು. ಸಂಘಟನೆಯ ಅಧ್ಯಕ್ಷೆ ಎಸ್ತೆಲಾ ದೆ ಕಾರ್ಲೊತ್ತೊ ಅವರ ಸ್ವಂತ ಮೊಮ್ಮಗನೇ 2014ರಲ್ಲಿ ಸಿಕ್ಕಿದ. ತಾನು ಸಾಕುಮಗ ಎಂದು ಮೂವತ್ತಾರರ ವಯಸ್ಸಿನಲ್ಲಿ ತಿಳಿದು, ತಾನಾಗಿಯೇ ಬಂದು ರಕ್ತ ಕೊಟ್ಟಿದ್ದ ಆ ಸಂಗೀತಗಾರ, ಪತ್ತೆಯಾದವರಲ್ಲಿ 114ನೆಯವನು. ಈಗ ಆ ಸಂಖ್ಯೆ 130 ದಾಟಿದೆ.

ಎಲ್ಲರೂ ಅವನಂತೆ ಬರಲಿಲ್ಲ. ಸಾಕಿದವರು ಜೈಲಿಗೆ ಹೋಗುತ್ತಾರೆ ಎಂದು ಕೆಲವರು ರಕ್ತ ಕೊಡಲು ಒಪ್ಪಲಿಲ್ಲ. 2009ರ ಕಾನೂನಿನ ಪ್ರಕಾರ ನ್ಯಾಯಾಧೀಶರು ಅಂಥವರ ಬಟ್ಟೆ, ಹಲ್ಲುಜ್ಜುವ ಬ್ರಷ್ ತರಿಸಿ ಡಿಎನ್‌ಎ ತೆಗೆಸಬಹುದು. ನನಗಿದು ಕಿರಿಕಿರಿ ಅನಿಸುತ್ತದೆ. ಕೂಸಾಗಿದ್ದಾಗ ಒಮ್ಮೆ ಅವರನ್ನು ಕೇಳದೆ ಹೆಸರು ಬದಲಿಸಿದರು, ಈಗ ಇನ್ನೊಮ್ಮೆ ಕೇಳದೆ ಬದಲಿಸುತ್ತಾರೆ. ಆದರೆ ಆ ಕಡೆ ಇರುವುದು ಮಗು ಕದ್ದ ಅಪರಾಧ, ಮತ್ತು ದಶಕಗಟ್ಟಲೆ ಕಾದ ಅಜ್ಜಿ. ಅವರನ್ನು ಸುಮ್ನೆ ಮನೆಗೆ ಹೋಗಿ ಅನ್ನೋಕೂ ಆಗಲ್ಲ.

ಕಾಣೆಯಾದ ಆ ಕೂಸುಗಳಿಗೆ ಈಗ ಐವತ್ತರ ಆಸುಪಾಸು. ಕೆಲವರು ದೇಶ ಬಿಟ್ಟಿರಬಹುದು. ಹುಟ್ಟಿನ ಬಗ್ಗೆ ಅನುಮಾನವಿದ್ದರೆ ಪರದೇಶದಲ್ಲಿರುವವರು ಅರ್ಜೆಂಟೀನಾದ ಕಾನ್ಸುಲೇಟ್ ಮೂಲಕವೂ ಪರೀಕ್ಷೆಗೆ ಮಾದರಿ ಕೊಡಬಹುದು.