ಪಿಜಡ್‌ಪಿ ಲಸಿಕೆ: ಪ್ರತಿಕಾಯದ ಗುರಿ ಎಲ್ಲಿ?

ಕಾಡುಪ್ರಾಣಿಗಳಿಗೆ ಕೊಡುವ ಪಿಜಡ್‌ಪಿಯಂಥ ಗರ್ಭನಿರೋಧಕ ಲಸಿಕೆ ಎಂದರೆ ಕೊಲ್ಲದೆ, ಹಿಡಿದು ಬೇರೆಡೆ ಸಾಗಿಸದೆ ಅವುಗಳ ಸಂಖ್ಯೆ ತಗ್ಗಿಸುವ ದಾರಿ ಎಂಬ ವ್ಯಾಖ್ಯೆ ಎಲ್ಲರಿಗೂ ಬಾಯಿಗೆ ಬಂದಿರುತ್ತದೆ. ಗಬ್ಬದ ಪ್ರಾಣಿಗೆ ಕೊಡಬಹುದೇ, ಬೆದೆ ನಿಲ್ಲುತ್ತದೆಯೇ ಎಂದು ಪರೀಕ್ಷೆಯಲ್ಲಿ ಕೇಳಿದರೆ ಪೆನ್ನು ಮುಂದೆ ಹೋಗುವುದಿಲ್ಲ. ಆ ಭಾಗಕ್ಕಷ್ಟೇ ಈ ಟಿಪ್ಪಣಿ.

ಸಸ್ತನಿಗಳ ಅಂಡಾಣುವಿನ ಸುತ್ತ ಝೋನಾ ಪೆಲ್ಯುಸಿಡಾ ಎಂಬ ಗ್ಲೈಕೋಪ್ರೋಟೀನ್ ಕವಚ ಇರುತ್ತದೆ. ವೀರ್ಯಾಣು ಮೊದಲು ಅಂಟಿಕೊಳ್ಳುವುದು ಇದಕ್ಕೇ. ಕಸಾಯಿಖಾನೆಯಲ್ಲಿ ಸಿಗುವ ಹಂದಿಯ ಅಂಡಾಶಯದಿಂದ ಈ ಕವಚವನ್ನು ಬೇರ್ಪಡಿಸಿ ತಯಾರಿಸಿದ್ದು ‘ಪೋರ್ಸೈನ್ (ಹಂದಿಯ) ಝೋನಾ ಪೆಲ್ಯುಸಿಡಾ’, ಚಿಕ್ಕದಾಗಿ ಪಿಜಡ್‌ಪಿ. ಇದನ್ನು ಚುಚ್ಚಿದಾಗ ಹುಟ್ಟುವ ಪ್ರತಿಕಾಯಗಳು (ಪರಕೀಯ ವಸ್ತುವಿಗೆ ಅಂಟುವ ದೇಹದ ರಕ್ಷಕ ಪ್ರೋಟೀನುಗಳು) ಪ್ರಾಣಿಯ ಅಂಡಾಣು ಕವಚಕ್ಕೂ ಅಂಟಿ, ವೀರ್ಯಾಣುವಿಗೆ ಜಾಗ ಬಿಡುವುದಿಲ್ಲ. ಡಾರ್ಟ್ ಮೂಲಕ ದೂರದಿಂದಲೇ ಚುಚ್ಚಬಹುದು. ಮೊದಲ ಡೋಸ್, ಬೂಸ್ಟರ್, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ.

ಈಗ ಕಗ್ಗಂಟು. ಚುಚ್ಚಿದ್ದು ಹಂದಿಯ ಪ್ರೋಟೀನ್. ಲಸಿಕೆ ಪಡೆದ ಕುದುರೆಯ ದೇಹ ತನ್ನದೇ ಅಂಡಾಣುವಿನ ಮೇಲೆ ಯಾಕೆ ತಿರುಗಿಬೀಳಬೇಕು? ಮೂರು ಸಾಧ್ಯತೆ ಬರೆದುಕೊಳ್ಳಿ. ಹಂದಿಯ ಕವಚ ಕುದುರೆಯದರಂತೆಯೇ ಇದ್ದಿದ್ದರೆ ದೇಹ ಅದನ್ನು ತನ್ನದೆಂದುಕೊಂಡು ಸುಮ್ಮನಿರುತ್ತಿತ್ತು, ಪ್ರತಿಕಾಯ ಹುಟ್ಟುತ್ತಿರಲಿಲ್ಲ. ಪೂರ್ತಿ ಬೇರೆಯಾಗಿದ್ದರೆ ಪ್ರತಿಕಾಯ ಹುಟ್ಟುತ್ತಿತ್ತು, ಆದರೆ ಕುದುರೆಯ ಅಂಡಾಣುವಿಗೆ ಅಂಟುತ್ತಿರಲಿಲ್ಲ. ನಿಜಸ್ಥಿತಿ ಇವೆರಡರ ನಡುವೆ. ಪರಕೀಯ ಎನಿಸುವಷ್ಟು ವ್ಯತ್ಯಾಸ, ಕುದುರೆಯ ಕವಚಕ್ಕೂ ಅಂಟುವಷ್ಟು ಹೋಲಿಕೆ. ಅಡ್ಜುವೆಂಟ್ (ಲಸಿಕೆಯ ಪರಿಣಾಮ ಹೆಚ್ಚಿಸುವ ಪದಾರ್ಥ) ಸೇರಿಸಿ ಪ್ರತಿಕ್ರಿಯೆಯನ್ನು ಕೆರಳಿಸುತ್ತಾರೆ. (ಚುಚ್ಚಿದ ಜಾಗದಲ್ಲಿ ಕೆಲವೊಮ್ಮೆ ಬಾವು ಬರುವುದೂ ಉಂಟು. ‘ಮಾನವೀಯ’ ಎಂದು ಬರೆಯುವಾಗ ಇದನ್ನೂ ಒಂದು ಸಾಲು ಬರೆಯಿರಿ.)

ಗೋನಾಕಾನ್ ಎಂಬ ಇನ್ನೊಂದು ಗರ್ಭನಿರೋಧಕ ಲಸಿಕೆಯಲ್ಲೂ ತರ್ಕ ಇದೇ. ಅದರ ಗುರಿ ಜಿಎನ್‌ಆರ್‌ಎಚ್, ಸಂತಾನದ ಹಾರ್ಮೋನು ಹೊರಡಿಸುವಂತೆ ಮಿದುಳಿನಿಂದ ಪಿಟ್ಯುಟರಿ ಗ್ರಂಥಿಗೆ ಸಂದೇಶ ಒಯ್ಯುವ, ಕೇವಲ 10 ಅಮೈನೋ ಆಮ್ಲಗಳ ಹಾರ್ಮೋನು. ಚಿಕ್ಕದು, ಮೇಲಾಗಿ ದೇಹದ್ದೇ. ಹಾಗೇ ಚುಚ್ಚಿದರೆ ದೇಹ ಕ್ಯಾರೇ ಅನ್ನುವುದಿಲ್ಲ. ಹಾಗಾಗಿ ಮೃದ್ವಂಗಿಯ ದೊಡ್ಡ ಪ್ರೋಟೀನಿಗೆ ಕಟ್ಟಿ ಕೊಡುತ್ತಾರೆ.

ನನ್ನ ಸುಲಭದ ದಾರಿ: ಏನನ್ನೂ ಉರು ಹೊಡೆಯಬೇಡಿ, “ಪ್ರತಿಕಾಯದ ಗುರಿ ಎಲ್ಲಿದೆ?” ಎಂದಷ್ಟೇ ಕೇಳಿ.

ಗಬ್ಬಕ್ಕೆ ಪಿಜಡ್‌ಪಿಯಿಂದ ತೊಂದರೆಯೇ? ಗುರಿ ಇರುವುದು ಕವಚದಲ್ಲಿ. ಗರ್ಭಕೋಶದಲ್ಲಿ ನೆಲೆಯೂರುವ ಹೊತ್ತಿಗೆ ಭ್ರೂಣ ಆ ಕವಚವನ್ನು ಕಳಚಿರುತ್ತದೆ. ಆಗಲೇ ನಿಂತ ಗಬ್ಬ ಮುಂದುವರಿಯುತ್ತದೆ. ಬೆದೆ ನಿಲ್ಲುತ್ತದೆಯೇ? ಗುರಿ ಹಾರ್ಮೋನು ಅಲ್ಲ, ಆದ್ದರಿಂದ ಇಲ್ಲ. ಗಬ್ಬ ನಿಲ್ಲದ ಕಾರಣ ಬೆದೆ ಮತ್ತೆ ಮತ್ತೆ ಬರುತ್ತದೆ. ಬಿಳಿಬಾಲದ ಜಿಂಕೆಗಳಲ್ಲಿ ಕೂಡುವ ಋತು ಲಂಬಿಸಿದ್ದು ಇದರಿಂದಲೇ. ಗೋನಾಕಾನ್ ಆದರೆ? ಜಿಎನ್‌ಆರ್‌ಎಚ್ ಕಟ್ಟಿಹೋದರೆ ಪಿಟ್ಯುಟರಿಗೆ ಸಂದೇಶವಿಲ್ಲ, ಬೆದೆಯೂ ಅಡಗುತ್ತದೆ. ಗಂಡಿನಲ್ಲೂ ಜಿಎನ್‌ಆರ್‌ಎಚ್ ಇದೆ, ಪರಿಣಾಮ ಅಲ್ಲಿಗೂ ತಟ್ಟುತ್ತದೆ. ಪಿಜಡ್‌ಪಿ ಪಡೆದ ಪ್ರಾಣಿಯನ್ನು ಇನ್ನೊಂದು ತಿಂದರೆ? ಪ್ರೋಟೀನ್ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ.

ಹಿಂಡಿನ ಲೆಕ್ಕ ಬೇರೆ. ಅಮೆರಿಕದ ಮೇರಿಲ್ಯಾಂಡಿನ ಆಸಟೀಗ್ ದ್ವೀಪದ ಕಾಡುಕುದುರೆಗಳ ಮೇಲೆ ವಿಜ್ಞಾನಿ ಜೇ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಪಿಜಡ್‌ಪಿ ಪ್ರಯೋಗ ಶುರುಮಾಡಿದ್ದು 1988ರಲ್ಲಿ. ನಿರ್ವಹಣೆಗೆಂದು ಬಳಕೆಗೆ ಬಂದದ್ದು 1994ರಲ್ಲಿ. ಆದರೂ ಸಂಖ್ಯೆ 2001ರಲ್ಲಿ 175 ಮುಟ್ಟಿ, ಆಮೇಲಷ್ಟೇ ನಿಧಾನ ಇಳಿಯಿತು. ಲಸಿಕೆ ಹುಟ್ಟನ್ನು ತಡೆಯುತ್ತದೆ, ಇರುವವು ಸಾಯಬೇಕಲ್ಲ! ಹೆರುವ, ಹಾಲೂಡಿಸುವ ಭಾರ ತಪ್ಪಿದ ಹೆಣ್ಣುಕುದುರೆಗಳು ಗಟ್ಟಿಮುಟ್ಟಾಗಿ ಇನ್ನಷ್ಟು ವರ್ಷ ಬದುಕಿದವು.

ಆನೆಗೆ ಇನ್ನೂ ತಡ. ದಕ್ಷಿಣ ಆಫ್ರಿಕಾದ ಮಕಲಾಲಿ ಅಭಯಾರಣ್ಯದಲ್ಲಿ 2000ದಿಂದ ಆನೆಗಳಿಗೆ ಪಿಜಡ್‌ಪಿ ಕೊಟ್ಟಿದ್ದಾರೆ. ಗರ್ಭಾವಧಿ ಸುಮಾರು 22 ತಿಂಗಳು. ಚುಚ್ಚುವಾಗಲೇ ಗಬ್ಬವಾಗಿದ್ದವು ಈದು ಮುಗಿಯುವವರೆಗೆ ಮರಿ ಹುಟ್ಟುತ್ತಲೇ ಇರುತ್ತವೆ. ಕೊಡಗಿನ ಕಾಫಿ ತೋಟಕ್ಕೆ ನುಗ್ಗುವ ಆನೆಗೂ ಇದೇ ಮದ್ದು ಎಂದು ಉತ್ತರದಲ್ಲಿ ಬರೆಯುವ ಮೊದಲು ಈ 22ನ್ನು ನೆನೆಯಿರಿ. ಲಸಿಕೆ ಪಡೆದ ಹೆಣ್ಣಾನೆ ಮಾರನೇ ದಿನವೂ ಹಸಿದಿರುತ್ತದೆ.